ಡಿಕ್ಕಿ ಚಿಕ್ಕದು, ಸಾಮಾನು ದೊಡ್ಡದು

ಶುಕ್ರವಾರ ರಾತ್ರಿ ಒಂಬತ್ತೂವರೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಜಿಮ್ನಿಯ ಹಿಂಬಾಗಿಲು ತೆರೆದು ನಿಂತಿದೆ. ನೆಲದ ಮೇಲೆ ಟೆಂಟು, ಮಡಚುವ ಕುರ್ಚಿಗಳು, 20 ಲೀಟರ್ ನೀರಿನ ಕ್ಯಾನು, ಐಸ್ ಬಾಕ್ಸು, ಒಲೆ, ಪಾತ್ರೆ ತುಂಬಿದ ಚೀಲ, ಮಕ್ಕಳ ಹೊದಿಕೆ, ಟಾರ್ಪಾಲು, ಎಳೆಯುವ ಹಗ್ಗ. ಗಂಡ ಒಳಗಿಟ್ಟದ್ದನ್ನು ಹೆಂಡತಿ ಹೊರತೆಗೆದು ಬೇರೆ ರೀತಿ ಇಡುತ್ತಾಳೆ. ಅದೂ ಸರಿಹೋಗದೆ ಇಬ್ಬರೂ ಸೇರಿ ಮತ್ತೆ ಎಲ್ಲವನ್ನೂ ಇಳಿಸುತ್ತಾರೆ. ಅಂತೂ ಬಾಗಿಲು ಹಾಕಿದಾಗ ಹಿಂದಿನ ಗಾಜಿನಲ್ಲಿ ಏನೂ ಕಾಣದಷ್ಟು ಸಾಮಾನು ಚಾವಣಿ ಮುಟ್ಟಿರುತ್ತದೆ. ಮರುದಿನ ಸಕಲೇಶಪುರ ದಾಟಿ ಟೀ ಕಾಯಿಸಲು ಗಾಡಿ ನಿಲ್ಲಿಸಿದರೆ ಬೆಂಕಿಪೊಟ್ಟಣ ಇರುವುದು ಎಲ್ಲಕ್ಕಿಂತ ಕೆಳಗಿನ ಚೀಲದಲ್ಲಿ.

ಹೀಗೆ ಎರಡು ಪ್ರವಾಸ ಮುಗಿಸಿದವರಿಗೆ ಬರುವ ಮೊದಲ ಆಲೋಚನೆ, ಡಿಕ್ಕಿಯಲ್ಲಿ ಒಂದು ಡ್ರಾಯರ್ ಪೆಟ್ಟಿಗೆ ಮಾಡಿಸಬೇಕು ಎನ್ನುವುದು. ಮೊಬೈಲಿನಲ್ಲಿ ಆಸ್ಟ್ರೇಲಿಯಾದವರ ವಿಡಿಯೊಗಳನ್ನು ನೋಡಿದ ಮೇಲೆ ಆಸೆ ಇನ್ನೂ ಬಲಿಯುತ್ತದೆ. ಎಳೆದರೆ ಜಾರಿ ಬರುವ ಅಡುಗೆಮನೆ, ಪಕ್ಕದಲ್ಲಿ ಫ್ರಿಜ್, ಮೇಲೆ ಹಾಸಿಗೆ. ಆಸೆಯಲ್ಲಿ ತಪ್ಪೇನಿಲ್ಲ. ಒಳ್ಳೆಯ ಜೋಡಣೆ ಇರುವ ಗಾಡಿಯಲ್ಲಿ ಹೋಗಿಬಂದರೆ ಪ್ರವಾಸದ ಸುಖವೇ ಬೇರೆ. ಆದರೆ ನಮ್ಮಲ್ಲಿ ಈ ಕೆಲಸಕ್ಕೆ ಕೈಹಾಕುವ ಹೆಚ್ಚಿನವರು ಟೇಪು ಹಿಡಿದು ಜಾಗ ಅಳೆಯುತ್ತಾರೆ, ತಕ್ಕಡಿಯ ಹತ್ತಿರ ಹೋಗುವುದಿಲ್ಲ. ಗಾಡಿಯ ಹಿಂಭಾಗದಲ್ಲಿ ಮೊದಲು ಮುಗಿದುಹೋಗುವುದು ಜಾಗವಲ್ಲ, ತೂಕದ ಲೆಕ್ಕ.

ಗಾಡಿಯ ಬೆನ್ನಿಗೆ ಪೆಟ್ಟಿಗೆ

ವಾಹನದ ಹಿಂದೆ ಅಡುಗೆಮನೆ ಕಟ್ಟುವ ಉಪಾಯ ಮೋಟಾರಿಗಿಂತ ಹಳೆಯದು. 1866ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಳ ವ್ಯಾಪಾರಿ, ಸೇನೆ ಬಳಸಿ ಬಿಟ್ಟಿದ್ದ ಸ್ಟುಡಿಬೇಕರ್ ಬಂಡಿಯೊಂದನ್ನು ಕೊಂಡು ಅದರ ಹಿಂಭಾಗಕ್ಕೆ ಖಾನೆಗಳಿರುವ ಮರದ ಪೆಟ್ಟಿಗೆ ಕೂರಿಸಿದ. ಪೆಟ್ಟಿಗೆಯ ಮುಚ್ಚಳವನ್ನು ಕೆಳಕ್ಕೆ ಬಿಟ್ಟರೆ ಅದೇ ಅಡುಗೆಯವನ ಮೇಜು. ಒಳಗೆ ಹಿಟ್ಟು, ಬೀನ್ಸು, ಕಾಫಿ, ಔಷಧ, ಪಾತ್ರೆಗೆ ಬೇರೆಬೇರೆ ಖಾನೆ. ತಿಂಗಳುಗಟ್ಟಲೆ ದನ ಹೊಡೆದುಕೊಂಡು ಹೋಗುವವರಿಗೆ ಊಟ ಹಾಕಿದ ಈ ಚಕ್ ವ್ಯಾಗನ್ನಿನ ನಕ್ಷೆಗೂ ಇವತ್ತು ಜಿಮ್ನಿಗೋ ಥಾರ್‌ಗೋ ಮಾಡಿಸುವ ಡ್ರಾಯರ್ ಪೆಟ್ಟಿಗೆಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ನಂತರ ಬಂದದ್ದು ಯುದ್ಧಕಾಲದ ಜೀಪು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಹಿಂಬದಿಯಲ್ಲಿ ಸ್ಟೆಪ್ನಿಯ ಪಕ್ಕಕ್ಕೇ 20 ಲೀಟರಿನ ಜೆರ‍್ರಿ ಕ್ಯಾನ್ ಇಡುವ ಚೌಕಟ್ಟಿತ್ತು. ಆ ಜೀಪುಗಳನ್ನು 1947ರಿಂದ ಮಹೀಂದ್ರಾ ಕಂಪನಿ ಭಾರತದಲ್ಲಿ ಜೋಡಿಸತೊಡಗಿತು. ನಮ್ಮ ಕಾಫಿ ತೋಟಗಳ ಏರಿಳಿತದಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಗಳನ್ನು ಹೊತ್ತು ತಿರುಗಿದ್ದು ಇದೇ ವಂಶದ ಗಾಡಿಗಳು. 2010ರಲ್ಲಿ ಥಾರ್ ಬಂತು, 2020ರಲ್ಲಿ ಅದರ ಹೊಸ ರೂಪ, 2023ರಲ್ಲಿ ಐದು ಬಾಗಿಲಿನ ಜಿಮ್ನಿ, 2024ರಲ್ಲಿ ಥಾರ್ ರಾಕ್ಸ್. ತೋಟದ ಗಾಡಿ ಪೇಟೆಯವರ ವಾರಾಂತ್ಯದ ಗಾಡಿಯಾಯಿತು.

ಹಳೆಯ ಜೀಪಿಗೂ ಈಗಿನವಕ್ಕೂ ಒಂದು ಮುಖ್ಯ ಅಂತರವಿದೆ. ಜೀಪಿನ ಹಿಂಭಾಗ ಖಾಲಿ ತಗಡಿನ ತೊಟ್ಟಿ, ಏನು ಬೇಕಾದರೂ ತುಂಬಬಹುದಿತ್ತು. ಈಗಿನ ಗಾಡಿಗಳಲ್ಲಿ ಮೆತ್ತನೆಯ ಸೀಟು, ಸ್ಪೀಕರು, ಪ್ಲಾಸ್ಟಿಕ್ ಹೊದಿಕೆ, ವೈರಿಂಗ್ ಎಲ್ಲ ಸೇರಿ ಉಳಿಯುವ ಜಾಗ ಅಷ್ಟಕ್ಕಷ್ಟೆ. ಐದು ಬಾಗಿಲಿನ ಜಿಮ್ನಿಯಲ್ಲಿ ಹಿಂದಿನ ಸೀಟು ಎತ್ತಿದ್ದಾಗ ಡಿಕ್ಕಿಯ ಅಳತೆ 208 ಲೀಟರ್, ಮಡಚಿದರೆ 332 ಲೀಟರ್. ರಾಕ್ಸ್‌ನದು ಚಾವಣಿಯವರೆಗೆ ಅಳೆದರೆ 644 ಲೀಟರ್. ಮೂರು ಬಾಗಿಲಿನ ಥಾರ್‌ನಲ್ಲಂತೂ ನಾಲ್ವರು ಕುಳಿತ ಮೇಲೆ ಸೀಟಿನ ಹಿಂದೆ ಕೈಚೀಲ ಇಡುವಷ್ಟೇ ಜಾಗ.

55 ಕೆಜಿಯ ಸತ್ಯ

ಈಗ ತಕ್ಕಡಿಗೆ ಬರೋಣ. ಪ್ರತಿ ವಾಹನಕ್ಕೂ ಕಂಪನಿ ಎರಡು ತೂಕಗಳನ್ನು ಕೊಟ್ಟಿರುತ್ತದೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಜನ, ಸಾಮಾನು ಎಲ್ಲ ಸೇರಿ ಮೀರಬಾರದ ಒಟ್ಟು ತೂಕ. ಜಿಮ್ನಿಯ ಖಾಲಿ ತೂಕ ಮಾದರಿಗೆ ತಕ್ಕಂತೆ ಸುಮಾರು 1,200 ಕೆಜಿ, ಒಟ್ಟು ತೂಕದ ಮಿತಿ 1,545 ಕೆಜಿ. ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ಹೊರಲು ಉಳಿಯುವುದು 335 ಕೆಜಿಯ ಆಸುಪಾಸು.

ತಲಾ 70 ಕೆಜಿಯ ನಾಲ್ವರು ಕುಳಿತರೆ 280 ಕೆಜಿ ಹೋಯಿತು. ಉಳಿದದ್ದು 55 ಕೆಜಿ. ಟೆಂಟು, ನೀರು, ಅಕ್ಕಿ, ಬಟ್ಟೆ, ಒಲೆ, ಹಗ್ಗ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ತುಂಬಿದ ನೀರಿನ ಕ್ಯಾನೊಂದೇ 21 ಕೆಜಿ ತೂಗುತ್ತದೆ. ಐಸ್ ತುಂಬಿದ ಪೆಟ್ಟಿಗೆ ಅದಕ್ಕೆ ಕಡಿಮೆಯಿಲ್ಲ. ಅಂದರೆ ನಾಲ್ವರು ಹೋಗುವ ಜಿಮ್ನಿಯಲ್ಲಿ ಡ್ರಾಯರ್ ಪೆಟ್ಟಿಗೆಗೆ ಸ್ಥಳವೇ ಇಲ್ಲ. ಇಬ್ಬರೇ ಹೊರಟರೆ ಲೆಕ್ಕ ಬೇರೆ. ಆಗ 195 ಕೆಜಿ ಕೈಯಲ್ಲಿರುತ್ತದೆ, ಹಿಂದಿನ ಸೀಟು ಮಡಚಿ ಒಳ್ಳೆಯ ಪೆಟ್ಟಿಗೆ ಕೂರಿಸಬಹುದು. ಪೆಟ್ಟಿಗೆ ಮಾಡಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ನಾವು ಸಾಮಾನ್ಯವಾಗಿ ಎಷ್ಟು ಜನ ಹೋಗುತ್ತೇವೆ?

ಆಸ್ಟ್ರೇಲಿಯಾದವರ ಡ್ರಾಯರುಗಳನ್ನು ನೋಡಿ ಮರುಳಾಗುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ನೂರಾರು ಕಿಲೋಮೀಟರ್ ಅಂಗಡಿ, ಪೆಟ್ರೋಲ್ ಬಂಕ್ ಇಲ್ಲದ ಮರುಭೂಮಿಯಲ್ಲಿ ವಾರಗಟ್ಟಲೆ ತಿರುಗುತ್ತಾರೆ. ಗಾಡಿಗಳೂ ಲ್ಯಾಂಡ್ ಕ್ರೂಸರ್, ಪ್ಯಾಟ್ರೋಲ್‌ನಂಥ ದೊಡ್ಡವು. ಆ ಗಾಡಿಗಳಿಗೆಂದು ಉಕ್ಕಿನಲ್ಲಿ ಮಾಡಿದ ಜೋಡಿ ಡ್ರಾಯರುಗಳು ಖಾಲಿಯಿದ್ದಾಗಲೇ 60 ಕೆಜಿ ದಾಟುವುದು ಸಾಮಾನ್ಯ. ನಮ್ಮ ಮಲೆನಾಡಿನಲ್ಲಿ ಎಲ್ಲಿ ನಿಂತರೂ ಅರ್ಧ ಗಂಟೆಯ ದಾರಿಯಲ್ಲಿ ಒಂದು ಕಿರಾಣಿ ಅಂಗಡಿ ಸಿಗುತ್ತದೆ. ಅವರ ಪಟ್ಟಿಯನ್ನು ನಾವು ಹೊರಬೇಕಾಗಿಲ್ಲ.

ಹಿಂದೆ ಹೊತ್ತರೆ ಮುಂದೆ ಹಗುರ

ಎಷ್ಟು ತೂಕ ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎನ್ನುವುದು. ಹಿಂದಿನ ಚಕ್ರಗಳ ಅಚ್ಚಿನ ಮೇಲೆ ಇಟ್ಟ ಭಾರ ನೇರವಾಗಿ ಆ ಚಕ್ರಗಳ ಮೇಲೆ ಬೀಳುತ್ತದೆ. ಅಚ್ಚಿನಿಂದ ಹಿಂದಕ್ಕೆ ಇಟ್ಟರೆ ಅದು ಏತದ ಹಾಗೆ ಮುಂಭಾಗವನ್ನು ಮೇಲಕ್ಕೆತ್ತುತ್ತದೆ. ಜಿಮ್ನಿಯ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2,590 ಮಿಲಿಮೀಟರ್. ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರ್ ಆಚೆ 40 ಕೆಜಿ ಇಟ್ಟರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 52 ಕೆಜಿ, ಮುಂದಿನ ಚಕ್ರಗಳ ಮೇಲಿನ ಭಾರ 12 ಕೆಜಿ ಇಳಿಯುತ್ತದೆ. ಸ್ಟೀರಿಂಗ್ ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಪಾಲು ಹೊರುವುದೂ ಮುಂದಿನ ಚಕ್ರಗಳು. ಮಳೆಯಲ್ಲಿ ಜಾರುವ ಕೆಂಪು ಮಣ್ಣಿನ ಏರಿನಲ್ಲಿ ಈ ನಷ್ಟ ಕೈಗೆ ಗೊತ್ತಾಗುತ್ತದೆ. ತಿರುಗಿಸಿದರೂ ಗಾಡಿ ನೇರಕ್ಕೇ ಹೋಗಲು ನೋಡುತ್ತದೆ.

ಹಾಗಾಗಿ ಭಾರದ ವಸ್ತುಗಳಾದ ನೀರು, ಬ್ಯಾಟರಿ, ಡಬ್ಬಿ ಆಹಾರ, ಉಪಕರಣ ಇವೆಲ್ಲ ಸೀಟಿನ ಬೆನ್ನಿಗೆ ತಾಗಿಕೊಂಡು, ನೆಲದ ಮಟ್ಟದಲ್ಲಿ ಇರಬೇಕು. ಹೊದಿಕೆ, ಬಟ್ಟೆ, ಟೆಂಟಿನಂಥ ಹಗುರದವು ಮೇಲಕ್ಕೂ ಹಿಂಬಾಗಿಲಿನ ಕಡೆಗೂ. ಡ್ರಾಯರ್ ಪೆಟ್ಟಿಗೆಯ ತೊಂದರೆ ಇರುವುದೇ ಇಲ್ಲಿ. ಅದು ಬಾಗಿಲ ಕಡೆ ತೆರೆದುಕೊಳ್ಳಬೇಕು, ಆದ್ದರಿಂದ ನಾವು ಭಾರದ ಪಾತ್ರೆ, ಒಲೆಗಳನ್ನು ಕೈಗೆ ಹತ್ತಿರವೆಂದು ಬಾಗಿಲ ತುದಿಗೇ ಇಡುತ್ತೇವೆ.

ಹಿಂಬಾಗಿಲಿನ ಹೊರಮೈಗೆ ತೂಗುಹಾಕುವ ಏಣಿ, ಮಡಚುವ ಮೇಜು, ಪೆಟ್ರೋಲ್ ಕ್ಯಾನುಗಳದ್ದು ಇನ್ನೂ ಕೆಟ್ಟ ಜಾಗ. ಥಾರ್, ಜಿಮ್ನಿಗಳ ಹಿಂಬಾಗಿಲು ಈಗಾಗಲೇ ಸ್ಟೆಪ್ನಿಯ ಭಾರ ಹೊತ್ತಿದೆ. ಪಕ್ಕಕ್ಕೆ ತೆರೆಯುವ ಬಾಗಿಲಿಗೆ ಮತ್ತೆ 20 ಕೆಜಿ ಸೇರಿಸಿ ಗುಂಡಿಗಳಲ್ಲಿ ಕುಲುಕಿಸಿದರೆ ಕೀಲು ಸಡಿಲವಾಗುತ್ತದೆ, ಬಾಗಿಲು ತಗ್ಗಿ ಕೂರುತ್ತದೆ, ಸಂದಿನಿಂದ ಧೂಳು ಒಳಬರುತ್ತದೆ. 20 ಲೀಟರ್ ಪೆಟ್ರೋಲಿನ ತೂಕ ಸುಮಾರು 15 ಕೆಜಿ, ಉಕ್ಕಿನ ಕ್ಯಾನಿನದು ಮತ್ತೆ ನಾಲ್ಕೈದು. ಕರ್ನಾಟಕದೊಳಗಿನ ಪ್ರವಾಸಕ್ಕೆ ಪೆಟ್ರೋಲ್ ಹೊತ್ತೊಯ್ಯುವ ಅಗತ್ಯವೇ ನನಗೆ ಕಾಣುವುದಿಲ್ಲ. ಡಿಕ್ಕಿಯೊಳಗೆ ಇಡುವುದಂತೂ ಸಲ್ಲದು. ಬಿಸಿಲಿಗೆ ಆವಿಯಾದ ಪೆಟ್ರೋಲ್ ಮುಚ್ಚಿದ ಗಾಡಿಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು.

ಮೇಲಿನ ಕ್ಯಾರಿಯರ್ ಬಗ್ಗೆ ಒಂದೇ ಮಾತು. ಎತ್ತರದ, ಅಗಲ ಕಡಿಮೆಯ ಗಾಡಿಯ ನೆತ್ತಿಗೆ ಭಾರ ಏರಿಸಿದರೆ ಓರೆ ದಾರಿಯಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಚಾವಣಿಗೆ ಎಷ್ಟು ಭಾರ ಸಲ್ಲುತ್ತದೆಂದು ಗಾಡಿಯ ಕೈಪಿಡಿಯಲ್ಲೇ ಬರೆದಿರುತ್ತದೆ, ಕ್ಯಾರಿಯರ್ ತೂಕವೂ ಅದರಲ್ಲಿ ಸೇರಿದೆ. ಬಟ್ಟೆಯ ಚಾವಣಿಯ ಗಾಡಿಯಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ.

ಪ್ಲೈವುಡ್ಡೋ, ಅಲ್ಯುಮಿನಿಯಮ್ಮೋ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗಾಡಿಗೆ ಬೇಕಾದ ಬಿಡಿ ಸಾಮಾನೆಲ್ಲ ಸಿಗುತ್ತವೆ. ಆದರೆ ಡಿಕ್ಕಿಯ ಅಳತೆಗೆ ಸರಿಯಾಗಿ ಪೆಟ್ಟಿಗೆ ಬೇಕೆಂದರೆ ಬಡಗಿಯ ಹತ್ತಿರವೋ ಫ್ಯಾಬ್ರಿಕೇಶನ್ ಶೆಡ್ಡಿಗೋ ಹೋಗಬೇಕು. ಅಡುಗೆಮನೆಯ ಕಪಾಟು ಮಾಡಿ ಅಭ್ಯಾಸವಿರುವ ಬಡಗಿ ಕೇಳದೆಯೇ 18 ಮಿಲಿಮೀಟರ್ ಪ್ಲೈವುಡ್ ಎತ್ತಿಕೊಳ್ಳುತ್ತಾರೆ. ಮನೆಗೆ ಅದು ಸರಿ. 8 ಅಡಿಗೆ 4 ಅಡಿಯ ಅಂಥ ಹಾಳೆಯೊಂದರ ತೂಕ 35 ಕೆಜಿಯ ಹತ್ತಿರ. ಮೂರಡಿ ಅಗಲ, ಎರಡೂವರೆ ಅಡಿ ಉದ್ದ, ಒಂದಡಿ ಎತ್ತರದ ಜೋಡಿ ಡ್ರಾಯರ್ ಪೆಟ್ಟಿಗೆಗೆ ಹಾಳೆಗಿಂತ ಹೆಚ್ಚೇ ಮರ ಬೇಕು. ಖಾಲಿ ಪೆಟ್ಟಿಗೆಯೇ 40 ಕೆಜಿ ಮೀರುತ್ತದೆ. ಅದನ್ನೇ 12 ಮಿಲಿಮೀಟರಿನಲ್ಲಿ ಮಾಡಿಸಿದರೆ ತೂಕದ ಮೂರನೇ ಒಂದು ಪಾಲು ಉಳಿಯುತ್ತದೆ. ಡ್ರಾಯರಿನ ತಳಕ್ಕೆ ಇನ್ನೂ ತೆಳುವಾದರೂ ನಡೆಯುತ್ತದೆ. ಮಲೆನಾಡಿನ ತೇವಕ್ಕೆ ಐಎಸ್ 710 ಗುರುತಿನ ಮೆರೀನ್ ಪ್ಲೈ ಒಳ್ಳೆಯದು. ಕತ್ತರಿಸಿದ ಅಂಚುಗಳಿಗೆ ಪಾಲಿಶ್ ಇಲ್ಲವೇ ಬಣ್ಣ ಕುಡಿಸಬೇಕು, ನೀರು ಒಳನುಗ್ಗುವುದು ಅಲ್ಲಿಂದಲೇ.

ಅಲ್ಯುಮಿನಿಯಂ ಚೌಕಟ್ಟಿಗೆ ತೆಳು ಪ್ಲೈ ಹೊದಿಸುವುದು ನನಗೆ ಹೆಚ್ಚು ಒಪ್ಪಿಗೆಯಾದ ದಾರಿ. ಬೋಲ್ಟು ಬಿಚ್ಚಿದರೆ ಇಡೀ ಪೆಟ್ಟಿಗೆ ಕಳಚಿಕೊಳ್ಳುತ್ತದೆ, ಎತ್ತರ ಬದಲಿಸಬಹುದು, ಗೆದ್ದಲು ಹಿಡಿಯುವುದಿಲ್ಲ. ವೆಲ್ಡ್ ಮಾಡಿದ ಕಬ್ಬಿಣದ ಚೌಕಟ್ಟು ಗಟ್ಟಿ, ಅಗ್ಗ, ಆದರೆ ಭಾರ. ಅಲುಗಾಟಕ್ಕೆ ನಟ್ಟುಗಳು ಸಡಿಲವಾಗದಂತೆ ನೈಲಾನ್ ಉಂಗುರದ ಲಾಕ್ ನಟ್ಟು ಹಾಕಿಸಬೇಕು.

ಡ್ರಾಯರ್ ಜಾರಲು ಬಳಸುವುದು ಟೆಲಿಸ್ಕೋಪಿಕ್ ಚಾನಲ್. ಅಡುಗೆಮನೆಗೆ ಹಾಕುವ ಚಾನಲ್‌ಗಳನ್ನು ಸಮತಟ್ಟಾದ ನೆಲಕ್ಕೆಂದು ಮಾಡಿರುತ್ತಾರೆ. ಗಾಡಿ ಏರು ಹತ್ತುವಾಗ ತುಂಬಿದ ಡ್ರಾಯರ್ ತಾನಾಗಿ ಹಿಂದಕ್ಕೆ ಜಾರಿ ಬಾಗಿಲಿಗೆ ಗುದ್ದುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿ ತೆರೆದರೆ ಬೆರಳು ಸಿಕ್ಕಿಕೊಳ್ಳುವ ವೇಗದಲ್ಲಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮುಚ್ಚಿದಾಗಲೂ ಪೂರ್ತಿ ತೆರೆದಾಗಲೂ ಲಾಕ್ ಆಗುವ ಭಾರದ ಚಾನಲ್ಲೇ ಬೇಕು, ಅದು ಸಿಗದಿದ್ದರೆ ಹೊರಗಿನಿಂದ ಗಟ್ಟಿ ಚಿಲಕ. ಇನ್ನೊಂದು ಹಳೆಯ ವಿಧಾನವೂ ಇದೆ. ಚಾನಲ್ಲೇ ಇಲ್ಲದೆ ತಳಕ್ಕೆ ನುಣ್ಣನೆಯ ಪ್ಲಾಸ್ಟಿಕ್ ಪಟ್ಟಿ ಬಡಿದು, ಕಾರ್ಪೆಟ್ ಹಾಸಿದ ಗೂಡಿನಲ್ಲಿ ಪೆಟ್ಟಿಗೆಯನ್ನೇ ಎಳೆಯುವುದು. ಧೂಳಿಗೆ ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ. ತೂಕವೂ ಕಡಿಮೆ. ಒಳಗಡೆ ಫೆಲ್ಟ್ ಬಟ್ಟೆ ಅಂಟಿಸಿದರೆ ಪಾತ್ರೆಗಳ ಗಲಗಲ ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುವ ಕುಟುಂಬಕ್ಕೆ ಡ್ರಾಯರ್ ಬೇಡ ಎಂದೇ ನನ್ನ ಅಭಿಪ್ರಾಯ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಮೂರು ತನ್ನಿ. ಒಂದು ಅಡುಗೆಗೆ, ಒಂದು ಮಲಗುವ ಸಾಮಗ್ರಿಗೆ, ಒಂದು ಗಾಡಿಯ ಉಪಕರಣಗಳಿಗೆ. ಮೂರೂ ಖಾಲಿಯಿದ್ದಾಗ 10 ಕೆಜಿಯೊಳಗೆ ಇರುತ್ತವೆ. ಅಡುಗೆ ಪೆಟ್ಟಿಗೆ ತುಂಬಿಯೇ ಮನೆಯ ಅಟ್ಟದಲ್ಲಿರಲಿ, ಹೊರಡುವಾಗ ಎತ್ತಿಟ್ಟರಾಯಿತು. ಉಳಿದ ದಿನಗಳಲ್ಲಿ ಅನಗತ್ಯ ಭಾರ ಹೊತ್ತು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಸುಡುವುದು ತಪ್ಪುತ್ತದೆ.

ಕಟ್ಟದ ಸಾಮಾನು

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಗಾಡಿ ಮರಕ್ಕೆ ಬಡಿದು ನಿಂತರೆ ಒಳಗಿನ ಕಟ್ಟದ ವಸ್ತುಗಳು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತವೆ. ಹತ್ತು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವ ವೇಗವೂ ಅದೇ. ಮೂರನೇ ಮಹಡಿಯಿಂದ ಬಿದ್ದ ಕುಕ್ಕರ್ ಹಿಂದಿನ ಸೀಟಿನಲ್ಲಿ ಕುಳಿತ ಮಗುವಿನ ತಲೆಗೆ ತಾಗಿದರೆ ಏನಾದೀತೆಂದು ಯೋಚಿಸಿದರೆ ಕಟ್ಟುವ ಕೆಲಸಕ್ಕೆ ಯಾರೂ ಬೇಸರಪಡುವುದಿಲ್ಲ. ಸಾಮಾನು ಸೀಟಿನ ಬೆನ್ನಿಗಿಂತ ಮೇಲಕ್ಕೆ ಹೋಗಬಾರದು. ಹೋಗಲೇಬೇಕಿದ್ದರೆ ನಡುವೆ ಲೋಹದ ಜಾಲರಿ ಇರಬೇಕು.

ಕಟ್ಟಲು ಹಿಗ್ಗುವ ರಬ್ಬರ್ ಹಗ್ಗ ಸಾಲದು, ಎಳೆದು ಬಿಗಿಯುವ ರ‍್ಯಾಚೆಟ್ ಪಟ್ಟಿ ಬೇಕು. ಪಟ್ಟಿಯ ಕೊಕ್ಕೆ ಸಿಕ್ಕಿಸಲು ಕಂಪನಿಯೇ ಕೊಟ್ಟ ಬಳೆ, ಬೋಲ್ಟುಗಳಿದ್ದರೆ ಅವನ್ನೇ ಬಳಸಿ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. ನೆಲಕ್ಕೆ ಡ್ರಿಲ್ ಹಾಕುವ ಮುನ್ನ ಗಾಡಿಯ ಕೆಳಗೆ ತೂರಿ ನೋಡಬೇಕು. ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ವೈರುಗಳು ಹಾದುಹೋಗುವುದು ಅಲ್ಲೇ. ಕೊರೆದ ತೂತು ತುಕ್ಕಿಗೆ ಬಾಗಿಲು ತೆರೆದಂತೆಯೂ ಹೌದು.

ಬಹುತೇಕರು ಮರೆಯುವುದು ಜಾಕ್ ಮತ್ತು ಪಾನಾಗಳನ್ನು. ಡಿಕ್ಕಿಯ ನೆಲದ ಖಾನೆಯಲ್ಲಿ ಅವಿರುವ ಗಾಡಿಯಲ್ಲಿ ಅದರ ಮೇಲೆಯೇ ಪೆಟ್ಟಿಗೆ ಕೂರಿಸಿ ಬೋಲ್ಟ್ ಬಿಗಿಯುತ್ತಾರೆ. ಕತ್ತಲಲ್ಲಿ, ಮಳೆಯಲ್ಲಿ ಪಂಕ್ಚರ್ ಆದಾಗ ಇಡೀ ಸಂಸಾರವನ್ನು ರಸ್ತೆಗಿಳಿಸಬೇಕಾಗುತ್ತದೆ. ಜಾಕ್, ಎಳೆಯುವ ಹಗ್ಗ, ಟಾರ್ಚ್, ಪ್ರಥಮ ಚಿಕಿತ್ಸೆಯ ಡಬ್ಬಿ ಇವು ನಾಲ್ಕೂ ಬೇರೇನನ್ನೂ ಇಳಿಸದೆ ಕೈಗೆ ಸಿಗಬೇಕು. ಹಗ್ಗವನ್ನು ಮುಂದಿನ ಸೀಟಿನ ಕೆಳಗಿಡುವುದು ಇನ್ನೂ ವಾಸಿ, ಏಕೆಂದರೆ ಗಾಡಿಯ ಹಿಂಭಾಗವೇ ಕೆಸರಿನಲ್ಲಿ ಹೂತರೆ ಬಾಗಿಲು ತೆರೆಯಲು ಬರುವುದಿಲ್ಲ.

ಗ್ಯಾಸ್ ಒಲೆಯ ಬಗ್ಗೆ ಎರಡು ಎಚ್ಚರ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಡಿಕ್ಕಿಯ ತಳದಲ್ಲಿ ನಿಲ್ಲುತ್ತದೆ. ಪ್ರಯಾಣದಲ್ಲಿ ಒಲೆಯಿಂದ ಡಬ್ಬಿಯನ್ನು ಬಿಡಿಸಿಡಬೇಕು, ಬ್ಯಾಟರಿಯ ಖಾನೆಯಿಂದ ದೂರ. ಗಾಡಿಯೊಳಗೆ ಮಲಗುವವರು ಚಳಿಯೆಂದು ಒಳಗೇ ಒಲೆಯನ್ನೋ ಕೆಂಡವನ್ನೋ ಇಟ್ಟುಕೊಳ್ಳಬಾರದು. ಮುಚ್ಚಿದ ಜಾಗದಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ದಾಖಲಾದ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡನ್ನೂ ವಿಧಿಸಬಹುದು.

ಒಳಗೆ ಕಟ್ಟಿಟ್ಟ, ಬೇಕೆಂದಾಗ ಎತ್ತಿಡಬಹುದಾದ ಪೆಟ್ಟಿಗೆ ಲಗೇಜು ಅಷ್ಟೇ. ಹಿಂದಿನ ಸೀಟನ್ನೇ ಕಿತ್ತುಹಾಕಿದರೆ ಆರ್‌ಸಿಯಲ್ಲಿರುವ ಆಸನಗಳ ಸಂಖ್ಯೆಗೂ ಗಾಡಿಗೂ ತಾಳೆಯಾಗುವುದಿಲ್ಲ. ಹಿಂದೆ ಚಾಚಿಕೊಂಡ ಪೆಟ್ಟಿಗೆ ನಂಬರ್ ಪ್ಲೇಟನ್ನೋ ದೀಪವನ್ನೋ ಮರೆಮಾಡಿದರೆ ಅದೂ ತಪ್ಪು. ಹಾಗೆ ಚಾಚಿದ ಪೆಟ್ಟಿಗೆ ಹಳ್ಳದಿಂದ ಮೇಲೇರುವಾಗ ಮೊದಲು ನೆಲಕ್ಕೆ ಉಜ್ಜುವುದೂ ಖಂಡಿತ. ಸೀಟು ಮಡಚಿ, ಕೀಳಬೇಡಿ. ಅಪಘಾತವಾದಾಗ ವಿಮೆ ಕಂಪನಿಯವರೂ ಆರ್‌ಸಿ ಹಿಡಿದುಕೊಂಡೇ ಗಾಡಿ ನೋಡುತ್ತಾರೆ.

ಗಾಡಿ ಎಷ್ಟೇ ಸಜ್ಜಾಗಿದ್ದರೂ ಎಲ್ಲೆಂದರಲ್ಲಿ ಟೆಂಟು ಹಾಕುವ ಹಕ್ಕು ಅದರಿಂದ ಬರುವುದಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಘಟ್ಟದ ಹುಲ್ಲುಗಾವಲಿನಲ್ಲಿ ಚಕ್ರದ ಗುರುತು ಬಿದ್ದರೆ ಮಳೆಗಾಲದಲ್ಲಿ ಅದೇ ಕೊರಕಲಾಗುತ್ತದೆ. ಮಾಲೀಕರನ್ನು ಕೇಳಿ ತೋಟದ ಬದಿಯಲ್ಲಿ ಉಳಿಯಿರಿ. ಡಿಕ್ಕಿಯಲ್ಲಿ ಕಸಕ್ಕೆಂದೇ ಮುಚ್ಚಳವಿರುವ ಒಂದು ಡಬ್ಬಿಗೆ ಜಾಗ ಬಿಡಿ, ಒಯ್ದ ಪ್ಲಾಸ್ಟಿಕ್ ಎಲ್ಲ ಅದರಲ್ಲಿ ವಾಪಸ್ ಬರಲಿ.

ಮೊದಲು ವೇ ಬ್ರಿಡ್ಜ್

ಪೆಟ್ಟಿಗೆಗೆ ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಪ್ರವಾಸಕ್ಕೆ ಹೊರಡುವಾಗಿನಂತೆಯೇ ಗಾಡಿ ತುಂಬಿ, ಎಲ್ಲರನ್ನೂ ಕೂರಿಸಿಕೊಂಡು, ಟ್ಯಾಂಕ್ ಫುಲ್ ಮಾಡಿ ಹತ್ತಿರದ ವೇ ಬ್ರಿಡ್ಜಿಗೆ ಹೋಗಿ. ಎಪಿಎಂಸಿ ಯಾರ್ಡಿನ ಬಳಿ, ಜಲ್ಲಿ ಕ್ರಷರ್ ಇರುವ ಕಡೆ, ಹೆದ್ದಾರಿಯ ಬದಿಯಲ್ಲಿ ಒಂದಿರುತ್ತದೆ. ಮೊದಲು ಇಡೀ ಗಾಡಿಯನ್ನು ತೂಗಿಸಿ, ಆಮೇಲೆ ಮುಂದಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ. ಎರಡರ ವ್ಯತ್ಯಾಸವೇ ಹಿಂದಿನ ಅಚ್ಚಿನ ಭಾರ. ಚೀಟಿಯಲ್ಲಿನ ಒಟ್ಟು ತೂಕವನ್ನು ಕೈಪಿಡಿಯ ಮಿತಿಯ ಜೊತೆ ಹೋಲಿಸಿ ನೋಡಿ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ನೋಡಿ, ತುಂಬಿದ ಗಾಡಿಗೆ ಹೇಳಿದಷ್ಟು ಗಾಳಿ ಟಯರಿಗೆ ಹಾಕಿಸಿ.

ಮಿತಿಗೆ 50 ಕೆಜಿ ಉಳಿದಿದ್ದರೆ 30 ಕೆಜಿಯ ಪೆಟ್ಟಿಗೆ ಧಾರಾಳವಾಗಿ ಮಾಡಿಸಿ. ಮಿತಿ ಆಗಲೇ ದಾಟಿದ್ದರೆ ಗಟ್ಟಿ ಸ್ಪ್ರಿಂಗ್ ಹಾಕಿಸಿದರೂ ಪ್ರಯೋಜನವಿಲ್ಲ. ಗಾಡಿಯ ಹಿಂಭಾಗ ಮೇಲೇಳುತ್ತದೆ, ಬ್ರೇಕು, ಅಚ್ಚು, ಚಾಸಿಗಳ ಶಕ್ತಿ ಹೆಚ್ಚುವುದಿಲ್ಲ, ಕಾನೂನಿನ ಮಿತಿಯೂ ಬದಲಾಗುವುದಿಲ್ಲ. ಆಗ ಮಾಡಬೇಕಾದದ್ದು, ಮನೆಗೆ ಬಂದು ಸಾಮಾನು ಇಳಿಸುವುದು.